ಕೋಡ್ ಬರೆಯುವ ಏಜೆಂಟ್ ಬೇಕಾ, ಚಾಟ್‌ಬಾಟ್ ಸಾಕಾ?

ರಾಯಚೂರಿನ ಅಕ್ಕಿ ಗಿರಣಿಯೊಂದರ ಬಿಲ್ಲಿಂಗ್ ಸಾಫ್ಟ್‌ವೇರ್ ತಿದ್ದಲು ಯಾವುದು ವಾಸಿ ಅಂತ ಕೇಳಿದ್ದೀರಿ. ಚಾಟ್‌ಬಾಟ್ ಕೋಡ್ ಕೊಟ್ಟು ಕೈ ತೊಳೆದುಕೊಳ್ಳುತ್ತದೆ. ಏಜೆಂಟ್ ತಾನೇ ಫೈಲ್ ಹುಡುಕಿ, ತಿದ್ದಿ, ಟೆಸ್ಟ್ (ಕೋಡ್ ಸರಿಯಾಗಿ ನಡೆಯುತ್ತದೆಯೇ ಎಂದು ನೋಡುವ ಪರೀಕ್ಷೆ) ಓಡಿಸಿ, ಎರರ್ ಓದಿ ಮತ್ತೆ ತಿದ್ದುತ್ತದೆ. ಇಲ್ಲಿ ಒಳಗಿನ ಎಐ ಮಾಡೆಲ್‌ನಷ್ಟೇ ಅದರ ಕೈಗೆ ಕೊಟ್ಟ ಸಲಕರಣೆಯೂ ಮುಖ್ಯ. 2024ರಲ್ಲಿ ಪ್ರಿನ್ಸ್‌ಟನ್ ಸಂಶೋಧಕರು ತಂದ ಎಸ್‌ಡಬ್ಲ್ಯುಇ-ಏಜೆಂಟ್ ಎಂಬ ಕೋಡಿಂಗ್ ಏಜೆಂಟ್ ಇಡೀ ಫೈಲನ್ನು ಮಾಡೆಲ್ ಮುಂದೆ ಸುರಿಯಲಿಲ್ಲ. ಒಮ್ಮೆಗೆ 100 ಸಾಲು ಮಾತ್ರ ತೋರಿಸಿತು, ಸಿಂಟ್ಯಾಕ್ಸ್ (ಕೋಡ್‌ನ ವ್ಯಾಕರಣ) ತಪ್ಪಿದ ತಿದ್ದುಪಡಿಯನ್ನು ಒಪ್ಪಲೂ ಇಲ್ಲ. (ಹೊಸಬರಿಗೂ ಇದೇ ಶಿಸ್ತು ಬೇಕು ಬಿಡಿ!)

ನಿಮ್ಮ ಕೆಲಸಕ್ಕೆ ಏಡರ್ ಎಂಬ ಏಜೆಂಟ್ ಧಾರಾಳವಾಯಿತು. ತಾನು ಮಾಡಿದ ಬದಲಾವಣೆಯನ್ನು ಗಿಟ್‌ಗೆ (ಕೋಡ್‌ನ ಹಳೆಯ ಆವೃತ್ತಿಗಳನ್ನು ಉಳಿಸಿಡುವ ವ್ಯವಸ್ಥೆ) ಕಮಿಟ್ ಮಾಡುತ್ತದೆ, ಅಂದರೆ ದಾಖಲಿಸುತ್ತದೆ; ಕೆಟ್ಟರೆ ಹಿಂದಕ್ಕೆ ಹೋಗಬಹುದು. ಆದರೆ ಜಿಎಸ್‌ಟಿ, ಕ್ವಿಂಟಲ್ ಲೆಕ್ಕಗಳಿಗೆ ಮೊದಲು ಟೆಸ್ಟ್ ಬರೆದಿಡಿ. ಟೆಸ್ಟ್ ಇಲ್ಲದಿದ್ದರೆ ಲೆಕ್ಕ ತಪ್ಪಿದ್ದು ಏಜೆಂಟ್‌ಗೆ ತಿಳಿಯುವುದೇ ಇಲ್ಲ.