'ಆಲು' ಅಂದರೆ ತಪ್ಪಾ?

ಮಂಡ್ಯ ಕಡೆಯವನು, 'ಹಾಲು', 'ಹೂವು' ಅನ್ನೋದಕ್ಕೆ 'ಆಲು', 'ಊವು' ಅಂದರೆ ಬೆಂಗಳೂರಿನ ಆಫೀಸಿನಲ್ಲಿ ನಗುತ್ತಾರೆ, ನನ್ನ ಕನ್ನಡ ತಪ್ಪಾ ಅಂತ ಕೇಳಿದ್ದೀರಿ. ಖಂಡಿತ ತಪ್ಪಲ್ಲ. 10ನೇ ಶತಮಾನದ ಪಂಪನ ಕನ್ನಡದಲ್ಲಿ ಇವು 'ಪಾಲ್', 'ಪೂ'. ತಮಿಳು, ತೆಲುಗಿನಲ್ಲಿ ಆ 'ಪ' ಇನ್ನೂ ಇದೆ. ಕನ್ನಡದಲ್ಲಿ ಮುಂದಿನ ಕೆಲವು ಶತಮಾನಗಳಲ್ಲಿ ಅದು ಸವೆದು 'ಹ' ಆಯಿತು. ನಿಮ್ಮ ಊರಿನವರು ಅದೇ ದಾರಿಯಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಗಿದ್ದಾರೆ, ಅಷ್ಟೇ.

ಓದು-ಬರಹ ಮೊದಲು ಸಿಕ್ಕ ಮನೆಗಳಲ್ಲಿ 'ಹ' ಗಟ್ಟಿಯಾಗಿ ಉಳಿಯಿತು. ಶಾಲೆ, ಪತ್ರಿಕೆಗಳಿಗೂ ಅದೇ ಅಳತೆಗೋಲಾಯಿತು. ಹಾಗಾಗಿ ಆ ನಗುವಿನಲ್ಲಿ ಜಾತಿ, ಊರಿನ ಲೆಕ್ಕಾಚಾರವೂ ಸೇರಿದೆ. (ನಗುವವರೂ 'ಪಾಲ್' ಬಿಟ್ಟವರ ವಂಶದವರೇ ಅಲ್ವಾ!)

ಬರೆಯುವಾಗ 'ಹ' ಹಾಕಿ, ಸಾಕು. ಗಾಬರಿಯಲ್ಲಿ 'ಆಕಾಶ'ಕ್ಕೂ 'ಹ' ಅಂಟಿಸಬೇಡಿ, ಆಗ ಇನ್ನೂ ಜಾಸ್ತಿ ನಗುತ್ತಾರೆ.