ಜೈಲು ಖಾಲಿ ಇತ್ತು ಅಂದ್ರೆ ಭಯ ಇರ್ಲಿಲ್ಲ ಅಂತಲ್ಲ

ಸರ್, ಹೋದ ತಿಂಗಳ ನಮ್ಮ ರೊಮೇನಿಯಾ ಲೇಖನಕ್ಕೆ ನೀವು ಬರ್ದಿರೋ ಪತ್ರ ಓದಿದೆ. ರಾಜಕೀಯ ಕೈದಿಗಳನ್ನೆಲ್ಲ 1964ರಲ್ಲೇ ಬಿಟ್ಟಾಗಿತ್ತು, ಅಲ್ಲಿನ ಕಮ್ಯುನಿಸ್ಟ್ ನಾಯಕ ಚೌಶೆಸ್ಕು ಅಧಿಕಾರಕ್ಕೆ ಬಂದಿದ್ದೇ 1965ರಲ್ಲಿ, ಮೇಲಾಗಿ ದೇಶದ ವಿದೇಶಿ ಸಾಲ ಪೂರ್ತಿ ತೀರಿಸಿದ ಮನುಷ್ಯ, ಅಂಥವನದ್ದು ಭಯದ ಆಡಳಿತ ಹೇಗಾಗುತ್ತೆ ಅಂತ ಕೇಳಿದ್ದೀರಿ.

ಬಿಡುಗಡೆ ಆಗಿದ್ದು ನಿಜ. ಆದ್ರೆ ಅಷ್ಟೊತ್ತಿಗೆ ಜೈಲು ತನ್ನ ಕೆಲಸ ಮುಗಿಸಿತ್ತು. 1949ರಿಂದ ಪಿತೆಷ್ಟಿ ಜೈಲಲ್ಲಿ ಕೈದಿಗಳ ಕೈಲೇ ಕೈದಿಗಳಿಗೆ ಚಿತ್ರಹಿಂಸೆ ಕೊಡ್ಸಿದ್ರು, ಕಪ್ಪು ಸಮುದ್ರದ ಕಾಲುವೆ ತೋಡೋಕೆ ಸಾವಿರಾರು ಜನರನ್ನ ಅಟ್ಟಿದ್ರು. ಇದನ್ನೆಲ್ಲ ಕಂಡ ಊರಿಗೆ ಆಮೇಲೆ ಅಷ್ಟೊಂದು ಜೈಲು ಬೇಕಾಗ್ಲಿಲ್ಲ, ಭಯ ಮನೆಯೊಳಗೇ ಬಂದು ಕೂತಿತ್ತು.

ಒಂದು ಟೈಪ್‌ರೈಟರ್ ತಗೊಳ್ಳಿ. 1983ರ ಕಾನೂನಿನ ಪ್ರಕಾರ ಮನೇಲಿ ಟೈಪ್‌ರೈಟರ್ ಇಟ್ಕೊಳ್ಳೋಕೆ ಪೊಲೀಸರ ಪರ್ಮಿಷನ್ ಬೇಕು, ವರ್ಷಕ್ಕೊಮ್ಮೆ ಅದರಲ್ಲಿ ಟೈಪ್ ಮಾಡಿದ ಹಾಳೆನ ಸ್ಯಾಂಪಲ್ ಅಂತ ಕೊಡ್ಬೇಕು, ಯಾಕಂದ್ರೆ ನಾಳೆ ಎಲ್ಲಾದ್ರೂ ಕರಪತ್ರ ಸಿಕ್ಕಿದ್ರೆ ಅಕ್ಷರದ ಸವೆತ ನೋಡಿ ಯಾರ ಮನೆ ಮೆಷಿನ್ನು ಅಂತ ಹಿಡೀಬಹುದಲ್ಲ. ವಿದೇಶಿಯರ ಜೊತೆ ಮಾತಾಡಿದ್ರೂ ರಿಪೋರ್ಟ್ ಮಾಡ್ಬೇಕಿತ್ತು.

ಹೆಣ್ಣುಮಕ್ಕಳ ವಿಷಯ ಬರೆಯೋವಾಗ ನನಗೆ ಈಗ್ಲೂ ಸಿಟ್ಟು ಬರುತ್ತೆ. 1966ರ 770ನೇ ಡಿಕ್ರಿ ಗರ್ಭಪಾತನ ನಿಷೇಧಿಸ್ತು, ನಾಲ್ಕು ಮಕ್ಕಳಾಗಿರೋರು ಅಥವಾ 45 ದಾಟಿದೋರು ಅಂತ ಒಂದಷ್ಟು ವಿನಾಯ್ತಿ ಬಿಟ್ರೆ. ಎಂಬತ್ತರ ದಶಕದಲ್ಲಿ ಫ್ಯಾಕ್ಟರಿ ಹೆಂಗಸರನ್ನ ಕರೆಸಿ ಬಸುರಿ ಹೌದಾ ಅಲ್ವಾ ಅಂತ ಪರೀಕ್ಷೆ ಮಾಡ್ತಿದ್ರು, ಕದ್ದು ಮಾಡಿಸ್ಕೊಂಡು ರಕ್ತಸ್ರಾವ ಆಗಿ ಆಸ್ಪತ್ರೆಗೆ ಬಂದವಳ ಹಾಸಿಗೆ ಹತ್ರ ಪೊಲೀಸ್ನೋರು ಬಂದು ಯಾರು ಮಾಡಿದ್ದು ಹೆಸರು ಹೇಳು ಅಂತಿದ್ರು. 9 ಸಾವಿರಕ್ಕೂ ಹೆಚ್ಚು ಹೆಣ್ಣುಮಕ್ಕಳು ಹೀಗೆ ಸತ್ರು. 1989ರ ಡಿಸೆಂಬರಲ್ಲಿ ಸರ್ಕಾರ ಬಿದ್ದ ತಕ್ಷಣ ರದ್ದಾದ ಮೊದಮೊದಲ ಕಾನೂನುಗಳಲ್ಲಿ ಇದೂ ಒಂದು.

ಸಾಲದ ಮಾತು. ಸಾವಿರ ಕೋಟಿ ಡಾಲರ್ ಆಸುಪಾಸಿನ ಸಾಲ ತೀರಿದ್ದು ಹೌದು, ಮಾಂಸ ಎಲ್ಲ ಎಕ್ಸ್‌ಪೋರ್ಟ್ ಮಾಡಿ, ಜನಕ್ಕೆ ಬ್ರೆಡ್ಡು ಎಣ್ಣೆ ಸಕ್ಕರೆ ರೇಷನ್ ಮಾಡಿ, ಚಳಿಗಾಲದಲ್ಲಿ ಮನೆಗಳ ಹೀಟಿಂಗ್ ಕಮ್ಮಿ ಮಾಡಿ. ಜನರನ್ನ ಒಂದು ಮಾತು ಕೇಳ್ಲಿಲ್ಲ. 1987ರ ನವೆಂಬರಲ್ಲಿ ಬ್ರಷೋವ್ ಊರಿನ ಕಾರ್ಮಿಕರು ಬೀದಿಗಿಳಿದು ಕೇಳಿದ್ದಕ್ಕೆ ನೂರಾರು ಜನರನ್ನ ಹಿಡಿದು ಹೊಡೆದ್ರು.

ಇನ್ನು ನೀವು ನಂಬ್ಕೊಂಡಿರೋ ಕೈದಿಗಳ ಲೆಕ್ಕ. ಗೆಯೋರ್ಗೆ ಉರ್ಸು ಅಂತ ಬುಕಾರೆಸ್ಟಿನ ಇಂಜಿನಿಯರ್, ಡೈರಿ ಬರೀತಿದ್ದ, ಅದರಲ್ಲಿ ಸರ್ಕಾರನ ಟೀಕಿಸ್ತಿದ್ದ, ಅದನ್ನ ಸಹೋದ್ಯೋಗಿಗಳೇ ಗುಪ್ತ ಪೊಲೀಸರಿಗೆ ತಿಳಿಸಿದ್ರು. 1985ರಲ್ಲಿ ಅವನನ್ನ ಹಿಡಿದ್ರು, ನವೆಂಬರಲ್ಲಿ ಲಾಕಪ್ಪಲ್ಲಿ ತಿಂದ ಏಟಿಗೆ ಸತ್ತ. ಕಾಗದದ ಮೇಲೆ ಕೇಸ್ ಇದ್ದಿದ್ದು ಡೈರಿ ಬಗ್ಗೆ ಅಲ್ಲ, ಒಂದಿಷ್ಟು ವಿದೇಶಿ ಹಣ ಇಟ್ಕೊಂಡಿದ್ದ ಅಂತ. ಸರ್ಕಾರದ ರಾಜಕೀಯ ಕೈದಿಗಳ ಲೆಕ್ಕದಲ್ಲಿ ಇವನನ್ನ ಎಲ್ಲಿ ಹುಡುಕ್ತೀರಿ?

- ಸಂ.