ಕೋಳಿ, ನಾಯಿ ಸ್ವರ್ಗಕ್ಕೆ ಹೋದ ಗಾದೆ ಬಗ್ಗೆ

ಚೀನಾದ ಈ ಗಾದೆಯಲ್ಲಿ ಕೋಳಿ, ನಾಯಿ ಯಾಕೆ ಬಂದವು, ಯಾರಿಗಾದರೂ ಬಡ್ತಿ ಸಿಕ್ಕಾಗ ಶುಭಾಶಯದ ಜೊತೆ ಇದನ್ನು ಹೇಳಬಹುದಾ ಅಂತ ಕೇಳಿದ್ದೀರಿ. ದಯವಿಟ್ಟು ಹೇಳಬೇಡಿ, ಇದು ಚುಚ್ಚುಮಾತು. ಒಬ್ಬನಿಗೆ ಸಿದ್ಧಿಯಾದರೆ ಅವನ ಕೋಳಿ, ನಾಯಿಗಳೂ ಸ್ವರ್ಗಕ್ಕೆ ಏರುತ್ತವೆ ಅನ್ನುತ್ತದೆ ಗಾದೆ. ಮನೆಯಲ್ಲೊಬ್ಬನಿಗೆ ಅಧಿಕಾರ ಬಂದ ಕೂಡಲೇ ಯೋಗ್ಯತೆ ಇಲ್ಲದ ನೆಂಟರೂ ಮೇಲೆ ಬಂದರು ಅಂತ ಬೈಯುವಾಗ ಇದನ್ನು ಬಳಸುತ್ತಾರೆ.

ಕಥೆ ಹಾನ್ ರಾಜವಂಶದ ಕಾಲದ್ದು. ಹುವಾಯ್‌ನಾನ್‌ನ ಅರಸ ಲಿಯು ಆನ್ ಅಮರನಾಗುವ ಮದ್ದು ಕುಡಿದು ಮನೆಯವರ ಜೊತೆ ಮೇಲೆ ಹೋದನಂತೆ, ಪಾತ್ರೆಯಲ್ಲಿ ಉಳಿದದ್ದನ್ನು ಅಂಗಳದ ಕೋಳಿ, ನಾಯಿಗಳು ತಿಂದು ಅವೂ ಹಾರಿದವಂತೆ, ಆಮೇಲೆ ಮೋಡದೊಳಗಿಂದ ಕೋಳಿ ಕೂಗುವುದು, ನಾಯಿ ಬೊಗಳುವುದು ಕೇಳಿಸಿತಂತೆ. ನಿಜವಾಗಿ ನಡೆದದ್ದು ಬೇರೆ, ಮತ್ತು ತುಂಬಾ ಕ್ರೂರ. ದಂಗೆಗೆ ಸಂಚು ಮಾಡಿದ ಆರೋಪ ಬಂದು ಅವನು ಕ್ರಿ.ಪೂ. 122ರಲ್ಲಿ ಆತ್ಮಹತ್ಯೆ ಮಾಡಿಕೊಂಡ, ಅವನ ಕುಟುಂಬದವರನ್ನೂ ಕೊಂದರು. ಕ್ರಿ.ಶ. ಮೊದಲ ಶತಮಾನದಲ್ಲೇ ವಾಂಗ್ ಚೊಂಗ್ ಎಂಬ ಚಿಂತಕ ಈ ಹಾರಿದ ಕಥೆ ಸುಳ್ಳು ಅಂತ ಬರೆದಿದ್ದ. ಆದರೂ ಜನರ ಬಾಯಲ್ಲಿ ಉಳಿದದ್ದು ಕಥೆಯೇ ಅಲ್ವಾ.

ಗಾದೆಗೆ ಸರಿಯಾಗಿ ಹೊಂದುವ ಉದಾಹರಣೆ ಬೇಕಿದ್ದರೆ ತಾಂಗ್ ಕಾಲದ ಯಾಂಗ್ ಕುಟುಂಬ ನೋಡಿ. ಯಾಂಗ್ ಗ್ವೇಫೇ ಚಕ್ರವರ್ತಿಯ ಮೆಚ್ಚಿನವಳಾದ ಮೇಲೆ ಆಕೆಯ ಮೂವರು ಅಕ್ಕಂದಿರಿಗೆ ಬಿರುದು ಸಿಕ್ಕಿತು, ಸಂಬಂಧಿ ಯಾಂಗ್ ಗ್ವೊಜೊಂಗ್ 752ರಲ್ಲಿ ಮುಖ್ಯಮಂತ್ರಿಯೇ ಆದ. 756ರಲ್ಲಿ ದಂಗೆಗೆ ಹೆದರಿ ರಾಜಧಾನಿ ಬಿಟ್ಟು ಓಡುವಾಗ ಜೊತೆಗಿದ್ದ ಸೈನಿಕರೇ ಅವನನ್ನು ಕೊಂದರು, ಆಕೆಯೂ ಸಾಯಲೇಬೇಕು ಅಂತ ಹಟ ಹಿಡಿದರು.